ಆಕಾಶದಿಂದ ಬರುವ ಪಾಠಕ್ಕೆ ಒಂದು ಉಗ್ರಾಣ

ಕರ್ನಾಟಕದ ಯಾವ ಊರಿನಲ್ಲಿಯೇ ಆಗಲಿ, ಒಂದು ಮಾಳಿಗೆಯನ್ನೇರಿ ಸುತ್ತಲೂ ನೋಡಿದರೆ ಹತ್ತಾರು ಡಿಶ್‌ಗಳು ಹೆಚ್ಚು ಕಡಮೆ ಆಗ್ನೇಯ ದಿಕ್ಕಿಗೆ ಮುಖಮಾಡಿ ನಿಂತಿರುವುದು ಕಾಣುತ್ತದೆ. ಅವುಗಳಲ್ಲಿ ಕೆಲವು ಈಗ ಕೆಲಸ ಮಾಡುತ್ತಿಲ್ಲ. ಮನೆಗೆ ಇಂಟರ್ನೆಟ್ ಬಂದಮೇಲೆ ಕೇಬಲನ್ನು ಕಿತ್ತುಹಾಕಿ, ತಟ್ಟೆಯನ್ನು ತುಕ್ಕು ಹಿಡಿಯಲು ಬಿಟ್ಟವರು ಬಹು ಮಂದಿ. ಇಂಥ ತಟ್ಟೆಗಳಲ್ಲಿ ಒಂದನ್ನು ಕೇಳಿ ತಂದು, ಒರಸಿ, ಮತ್ತೆ ನಿಲ್ಲಿಸಿ, ಅದಕ್ಕೆ ಒಂದು ಪುಟ್ಟ ಸರ್ವರನ್ನು ಜೋಡಿಸುವ ಕೆಲಸವನ್ನು ನಮ್ಮ ಹೈಸ್ಕೂಲು ಕಾಲೇಜುಗಳ ವಿದ್ಯಾರ್ಥಿಗಳು ಕೈಗೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಇದು ಬರಿಯ ಹವ್ಯಾಸದ ಮಾತಲ್ಲ. ಪಾಠಪ್ರವಚನಗಳಿಗೆ ಸಂಬಂಧಿಸಿದ ಮಾತು.

ಆ ತಟ್ಟೆಗಳ ಮೇಲೆ ಬೀಳುತ್ತಿರುವುದೇನು ಎಂಬುದನ್ನು ಮೊದಲು ನೋಡೋಣ. ೨೦೧೫ರ ನವೆಂಬರಿನಲ್ಲಿ ಹಾರಿದ ಜಿಸ್ಯಾಟ್-೧೫ ಎಂಬ ನಮ್ಮ ಉಪಗ್ರಹವು ಪೂರ್ವ ರೇಖಾಂಶ ೯೩.೫ ಡಿಗ್ರಿಯಲ್ಲಿ, ಸಮಭಾಜಕ ವೃತ್ತದ ನೆತ್ತಿಗೆ ಸರಿಯಾಗಿ, ಸುಮಾರು ೩೫,೮೦೦ ಕಿಲೋಮೀಟರ್ ಎತ್ತರದಲ್ಲಿ ನೆಲೆನಿಂತಿದೆ. ಅದರ ಯೋಗಕ್ಷೇಮವನ್ನು ನೋಡಿಕೊಳ್ಳುವವರು ನಮ್ಮ ಹಾಸನದ ನಿಯಂತ್ರಣ ಕೇಂದ್ರದವರೇ. ದೂರದರ್ಶನದ ಫ್ರೀ ಡಿಶ್ ಸೇವೆಯಲ್ಲದೆ, ‘ಸ್ವಯಂ ಪ್ರಭಾ’ ಎಂಬ ಶಿಕ್ಷಣ ವಾಹಿನಿಗಳೂ ೨೦೧೭ರಲ್ಲಿ ಈ ಉಪಗ್ರಹದ ಮೂಲಕವೇ ಆರಂಭವಾದವು. ಮೊದಲಿಗೆ ೩೨ ವಾಹಿನಿಗಳಿದ್ದು ಅನಂತರ ಹೆಚ್ಚಿದವು. ಹೈಸ್ಕೂಲಿನ ಗಣಿತದಿಂದ ಎಂಜಿನಿಯರಿಂಗಿನವರೆಗೆ ಎಷ್ಟೋ ವಿಷಯಗಳ ಉಪನ್ಯಾಸಗಳು ಹಗಲಿರುಳೂ ಬರುತ್ತವೆ. ಇದಕ್ಕೆ ಚಂದಾ ಇಲ್ಲ.

ಆದರೂ ನನ್ನ ತರಗತಿಯಲ್ಲಿ ‘ಇವನ್ನು ನೋಡಿದವರು ಯಾರು?’ ಎಂದು ಕೇಳಿದರೆ ಒಂದೆರಡು ಕೈ ಮೇಲೇಳುವುದೇ ಕಷ್ಟ. ಇದಕ್ಕೆ ವಿದ್ಯಾರ್ಥಿಗಳನ್ನು ದೂರಿ ಫಲವಿಲ್ಲ. ಪಾಠ ಬರುವ ಹೊತ್ತಿನಲ್ಲಿ ಅವರು ಕಾಲೇಜಿನಲ್ಲಿಯೋ ಬಸ್ಸಿನಲ್ಲಿಯೋ ಇರುತ್ತಾರೆ. ಅದೇ ಪಾಠ ಮರುಪ್ರಸಾರವಾಗುವಾಗ ನಿದ್ರೆಯಲ್ಲಿರುತ್ತಾರೆ. ಸಂಜೆ ಮನೆಯ ಟಿ.ವಿ. ಅವರ ಕೈಯಲ್ಲಿರುವುದಿಲ್ಲ. ಬಾವಿ ತುಂಬ ನೀರಿದ್ದು ಸೇದಲು ಕೊಡವಿಲ್ಲದಂತಾಗಿದೆ. ಇನ್ನೊಂದು ತೊಡಕೂ ಉಂಟು. ಈ ಪಾಠಗಳಲ್ಲಿ ಬಹುಪಾಲು ಇಂಗ್ಲಿಷು, ಹಿಂದಿಗಳಲ್ಲಿವೆ. ಓಡುತ್ತಿರುವ ಪ್ರಸಾರವನ್ನು ನಿಲ್ಲಿಸಿ ‘ಇವರು ಹೇಳಿದ್ದು ಇದು’ ಎಂದು ಕನ್ನಡದಲ್ಲಿ ಬಿಡಿಸಿ ಹೇಳಲು ಯಾವ ಉಪಾಧ್ಯಾಯರಿಗೂ ಸಾಧ್ಯವಿಲ್ಲ. ಕೂಡಿಟ್ಟ ಪಾಠವನ್ನಾದರೆ ಬೇಕಾದಲ್ಲಿ ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಬಹುದು, ಕಪ್ಪುಹಲಗೆಯ ಮೇಲೆ ಬರೆದು ತೋರಿಸಿ ಮುಂದುವರಿಸಬಹುದು.

ಈ ಯೋಚನೆ ನಮ್ಮ ನಾಡಿಗೆ ತೀರ ಹೊಸದಲ್ಲ. ೧೯೭೫ರ ಆಗಸ್ಟಿನಿಂದ ೧೯೭೬ರ ಜುಲೈವರೆಗೆ ಎ.ಟಿ.ಎಸ್-೬ ಎಂಬ ಅಮೆರಿಕದ ಉಪಗ್ರಹದ ನೆರವಿನಿಂದ ಭಾರತದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಟಿ.ವಿ. ಪಾಠಗಳನ್ನು ಕಳುಹಿಸಿದರು. ಆ ಆರರಲ್ಲಿ ಕರ್ನಾಟಕವೂ ಒಂದು. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಹಿರಿಯರಿಗೆ ಕನ್ನಡದಲ್ಲಿಯೇ ಕಾರ್ಯಕ್ರಮಗಳು ಬಂದವು. ಅಂದಿನ ಆಂಟೆನಾ ಕೋಳಿಗೂಡಿನ ತಂತಿಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ ತಟ್ಟೆ. ಒಂದು ವರ್ಷ ಕಳೆದು ಉಪಗ್ರಹ ಹೋಯಿತು. ಹಳ್ಳಿಯಲ್ಲಿ ಒಂದು ಪಾಠವೂ ಉಳಿಯಲಿಲ್ಲ, ಏಕೆಂದರೆ ಹಿಡಿದಿಡುವ ಸಾಧನ ಅಲ್ಲಿರಲಿಲ್ಲ. ಇಂದು ಅಂಗೈಯಗಲದ ಯಂತ್ರ ಅದನ್ನು ಮಾಡುತ್ತದೆ.

ಇನ್ನು ಭೌತವಿಜ್ಞಾನಕ್ಕೆ ಬರೋಣ. ಬೆಂಗಳೂರಿನಿಂದ ನೋಡಿದರೆ ಈ ಉಪಗ್ರಹವು ಆಗ್ನೇಯದಲ್ಲಿ, ದಿಗಂತದಿಂದ ಸುಮಾರು ೬೬ ಡಿಗ್ರಿ ಮೇಲೆ ಇದೆ. ಆದರೆ ಮಾಳಿಗೆಯ ತಟ್ಟೆ ಅಷ್ಟೊಂದು ಮೇಲಕ್ಕೆ ನೋಡುತ್ತಿರುವಂತೆ ತೋರುವುದಿಲ್ಲವಲ್ಲ! ಅದಕ್ಕೆ ಕಾರಣ, ಅದು ಪೂರ್ಣ ಪರವಲಯವಲ್ಲ. ದೊಡ್ಡ ಪರವಲಯದ ಒಂದು ಪಕ್ಕದಿಂದ ಕತ್ತರಿಸಿದ ತುಂಡು. ನಾಭಿಯಲ್ಲಿ ಕುಳಿತ ಗ್ರಾಹಕದ ನೆರಳು ತಟ್ಟೆಯ ಮೇಲೆ ಬೀಳದಿರಲೆಂದು ಹೀಗೆ ಮಾಡಿದ್ದಾರೆ. ತ್ರಿಕೋನಮಿತಿಯನ್ನು ಬಲ್ಲ ವಿದ್ಯಾರ್ಥಿಯು ತನ್ನ ಊರಿನ ಅಕ್ಷಾಂಶ ರೇಖಾಂಶಗಳಿಂದ ಈ ಕೋನವನ್ನು ತಾನೇ ಲೆಕ್ಕ ಹಾಕಿ, ಅನಂತರ ತಟ್ಟೆಯನ್ನು ತಿರುಗಿಸಲಿ. ಅರವತ್ತು ಸೆಂಟಿಮೀಟರಿನ ತಟ್ಟೆಯ ದೃಷ್ಟಿ ಮೂರು ಡಿಗ್ರಿಗಿಂತ ಹೆಚ್ಚು ಅಗಲವಾಗಿಲ್ಲ. ಆದುದರಿಂದ ಲೆಕ್ಕ ತಪ್ಪಿದರೆ ಪರದೆಯ ಮೇಲೆ ಏನೂ ಮೂಡದು. ಪರೀಕ್ಷಕರಿಗಿಂತ ಇದು ಕಟ್ಟುನಿಟ್ಟು.

ಈ ತಟ್ಟೆ ಕೂಡಿಸುವ ಶಕ್ತಿಯಾದರೂ ಎಷ್ಟು? ಒಂದು ವಾಟ್‌ನ ಲಕ್ಷ ಕೋಟಿಯಲ್ಲಿ ಕೆಲವೇ ಭಾಗ. ಅಲೆಯುದ್ದ ಎರಡೂವರೆ ಮೂರು ಸೆಂಟಿಮೀಟರ್. ಆವರ್ತಾಂಕ ಸುಮಾರು ೧೧ ಗಿಗಾಹರ್ಟ್ಸ್. ಇಷ್ಟು ಕ್ಷೀಣವಾದ, ಇಷ್ಟು ಹೆಚ್ಚಿನ ಆವರ್ತಾಂಕದ ಸಂಕೇತವನ್ನು ಸಾಮಾನ್ಯ ಕೇಬಲಿನಲ್ಲಿ ಕಳುಹಿಸಿದರೆ ಅದು ಮಾಳಿಗೆಯಿಂದ ಇಳಿಯುವಷ್ಟರಲ್ಲಿಯೇ ಸತ್ತುಹೋಗುತ್ತದೆ. ಆದುದರಿಂದ ನಾಭಿಯಲ್ಲಿರುವ ಎಲ್.ಎನ್.ಬಿ. ಎಂಬ ಪುಟ್ಟ ಉಪಕರಣ ಅದನ್ನು ಅಲ್ಲಿಯೇ ವರ್ಧಿಸಿ, ತನ್ನಲ್ಲಿ ಹುಟ್ಟುವ ೯,೭೫೦ ಮೆಗಾಹರ್ಟ್ಸ್‌ನ ಕಂಪನದೊಡನೆ ಬೆರಸುತ್ತದೆ. ೧೧,೧೭೦ರಲ್ಲಿ ಬಂದ ಅಲೆ ವ್ಯತ್ಯಾಸವಾದ ೧,೪೨೦ಕ್ಕೆ ಇಳಿದು ಕೇಬಲಿನಲ್ಲಿ ಸುಖವಾಗಿ ಸಾಗುತ್ತದೆ. ಹಳೆಯ ರೇಡಿಯೋವಿನ ಸೂಪರ್‌ಹೆಟರೊಡೈನ್ ತತ್ವವೇ ಇದು. ಗ್ರಾಹಕ ಯಂತ್ರವು ಅದೇ ಕೇಬಲಿನಲ್ಲಿ ೧೩ ವೋಲ್ಟ್ ಕಳುಹಿಸಿದರೆ ಲಂಬವಾಗಿ ಧ್ರುವೀಕರಿಸಿದ ಅಲೆ ದೊರೆಯುತ್ತದೆ, ೧೮ ಕಳುಹಿಸಿದರೆ ಅಡ್ಡಲಾಗಿ ಧ್ರುವೀಕರಿಸಿದ್ದು. ಧ್ರುವೀಕರಣವನ್ನು ಪುಸ್ತಕದಲ್ಲಿ ಎರಡು ಪುಟ ಓದಿ ಮರೆಯುವವರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕೆ?

ಈಗ ಒಂದು ಮುಖ್ಯ ಸಂಗತಿ. ಉಪಗ್ರಹದಿಂದ ಒಂದೊಂದು ವಾಹಿನಿ ಬೇರೆ ಬೇರೆಯಾಗಿ ಬರುವುದಿಲ್ಲ; ಹತ್ತಾರು ವಾಹಿನಿಗಳು ಒಂದೇ ಅಂಕಪ್ರವಾಹದಲ್ಲಿ ಹೆಣೆದುಕೊಂಡು ಬರುತ್ತವೆ. ಟಿ.ವಿ.ಯ ಪಕ್ಕದ ಪೆಟ್ಟಿಗೆ ಇಡೀ ಪ್ರವಾಹವನ್ನು ಒಳಗೆ ತೆಗೆದುಕೊಂಡು, ಒಂದನ್ನು ತೋರಿಸಿ, ಉಳಿದುದನ್ನು ಚೆಲ್ಲಿಬಿಡುತ್ತದೆ. ಕಂಪ್ಯೂಟರಿಗೆ ಜೋಡಿಸುವ ಉಪಗ್ರಹ ಟ್ಯೂನರ್ ಹೀಗೆ ಚೆಲ್ಲಬೇಕಾಗಿಲ್ಲ. ಒಂದೇ ಟ್ಯೂನರಿನಿಂದ ಭೌತವಿಜ್ಞಾನ, ಗಣಿತ, ಅರ್ಥಶಾಸ್ತ್ರ ಮೂರನ್ನೂ ಒಮ್ಮೆಗೇ ಹಿಡಿದಿಡಬಹುದು, ಅವು ಒಂದೇ ಪ್ರವಾಹದಲ್ಲಿದ್ದರೆ. ಸಾಮಾನ್ಯ ಟಿ.ವಿ. ಅಂಗಡಿಗಳಲ್ಲಿ ಈ ಟ್ಯೂನರ್ ದೊರೆಯುವುದು ಅಪರೂಪ; ಆರಿಸಿ ತರಿಸಬೇಕಾಗುತ್ತದೆ. ಲಿನಕ್ಸ್‌ನಲ್ಲಿ ನಡೆಯುವುದೇ ಎಂಬುದನ್ನು ಕೇಳಿಯೇ ಹಣ ಕೊಡಬೇಕು.

ಸರ್ವರ್ ಎಂಬ ಹೆಸರಿಗೆ ಯಾರೂ ಬೆದರಬೇಕಾಗಿಲ್ಲ. ಹೋಟೆಲಿನ ಮಾಣಿಯಂತೆ ಕೇಳಿದವರಿಗೆ ಕೇಳಿದುದನ್ನು ತಂದುಕೊಡುವ ಕಂಪ್ಯೂಟರು, ಅಷ್ಟೆ. ೨೦೧೨ರಲ್ಲಿ ಇಂಗ್ಲೆಂಡಿನಲ್ಲಿ ವಿದ್ಯಾರ್ಥಿಗಳಿಗಾಗಿಯೇ ಹೊರಬಂದ ರಾಸ್ಪ್‌ಬೆರಿ ಪೈ ಎಂಬ ಯಂತ್ರದ ಈಚಿನ ಮಾದರಿಗಳು ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಹಾರ್ಡ್ ಡಿಸ್ಕನ್ನೂ ಸೇರಿಸಿ ಹತ್ತು ವಾಟ್ ಎಂದಿಟ್ಟುಕೊಂಡರೆ, ಹಗಲಿರುಳು ನಡೆದರೂ ತಿಂಗಳಿಗೆ ಏಳು ಯೂನಿಟ್ಟಿನ ಖರ್ಚು. ಮೂಲೆಗೆ ಸೇರಿದ ಹಳೆಯ ಕಂಪ್ಯೂಟರಿನಿಂದಲೂ ಆಗುತ್ತದೆ, ವಿದ್ಯುತ್ತು ಮಾತ್ರ ಹಲವು ಪಟ್ಟು. ಅದರಲ್ಲಿ ಟಿ.ವಿ.ಹೆಡೆಂಡ್ ಎಂಬ ಉಚಿತ ತಂತ್ರಾಂಶವನ್ನು ಹಾಕಿದರೆ, ಯಾವ ದಿನ ಯಾವ ಹೊತ್ತಿನ ಪಾಠವನ್ನು ಹಿಡಿಯಬೇಕೆಂದು ಮೊದಲೇ ಗೊತ್ತುಮಾಡಿಡಬಹುದು. ಸೆಕೆಂಡಿಗೆ ಎರಡು ಮೆಗಾಬಿಟ್‌ನ ಪಾಠ ಗಂಟೆಗೆ ೯೦೦ ಮೆಗಾಬೈಟ್ ಆಗುತ್ತದೆ. ಒಂದು ಟೆರಾಬೈಟ್ ಡಿಸ್ಕಿನಲ್ಲಿ ಸಾವಿರ ಗಂಟೆಗೂ ಮೀರಿ ಹಿಡಿಯುತ್ತದೆ. ಒಂದು ಅಗ್ಗದ ವೈ-ಫೈ ಪೆಟ್ಟಿಗೆಯನ್ನು ಜೋಡಿಸಿದರೆ ಹಾಸ್ಟೆಲಿನ ಹುಡುಗರೆಲ್ಲ ತಮ್ಮ ತಮ್ಮ ಫೋನಿನಲ್ಲಿ ನೋಡಬಹುದು, ಹೊರಗಿನ ಇಂಟರ್ನೆಟ್ಟನ್ನು ಮುಟ್ಟದೆ.

‘ಇದೆಲ್ಲ ಏತಕ್ಕೆ? ಆ ಪಾಠಗಳು ಇಂಟರ್ನೆಟ್ಟಿನಲ್ಲಿಯೇ ಇವೆಯಲ್ಲ’ ಎನ್ನುವವರಿದ್ದಾರೆ. ಇವೆ, ನಿಜ. ಒಳ್ಳೆಯ ಸಂಪರ್ಕವಿರುವ ಮನೆಯ ಒಬ್ಬ ವಿದ್ಯಾರ್ಥಿಗೆ ಅದೇ ಸುಲಭವೆಂದು ನಾನೂ ಒಪ್ಪುತ್ತೇನೆ. ಆದರೆ ಅರವತ್ತು ಜನರ ಹಾಸ್ಟೆಲನ್ನು ತೆಗೆದುಕೊಳ್ಳಿ. ಅದೇ ಒಂದು ಗಂಟೆಯ ಪಾಠವನ್ನು ಪ್ರತಿಯೊಬ್ಬನೂ ಇಂಟರ್ನೆಟ್ಟಿನಿಂದ ತರಿಸಿದರೆ ೫೪ ಗಿಗಾಬೈಟ್ ಬರಬೇಕು. ಹಣ ಅರವತ್ತು ಜೇಬುಗಳಿಂದ ಹೋಗಬೇಕು. ಉಪಗ್ರಹಕ್ಕೆ ನೋಡುವವನು ಒಬ್ಬನೋ ಒಂದು ಕೋಟಿಯೋ ಎಂಬುದು ತಿಳಿಯದು. ಅದು ಬೆಳಕಿನಂತೆ ಸುರಿಯುತ್ತದೆ, ಅಷ್ಟೆ. ಯಾರು ಏನು ನೋಡಿದರೆಂಬ ಲೆಕ್ಕವನ್ನೂ ಇಡುವುದಿಲ್ಲ. ಪ್ರಸಾರದ ಈ ಗುಣವನ್ನು ನಾವು ಮರೆಯುತ್ತಿರುವುದು ನನಗೆ ಸರಿತೋರುವುದಿಲ್ಲ. ಮಲೆನಾಡಿನಲ್ಲಿ ಮರ ಬಿದ್ದು ಕೇಬಲು ಹರಿದು ನಾಲ್ಕು ದಿನ ಸಂಪರ್ಕವಿಲ್ಲದಿದ್ದಾಗಲೂ ಕೂಡಿಟ್ಟ ಪಾಠ ಕೈಗೆ ಸಿಗುತ್ತದೆ. ಬಿರುಮಳೆಯಲ್ಲಿ ಉಪಗ್ರಹದ ಸಂಕೇತವೂ ಸೋಲುತ್ತದೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಮೂರು ಸೆಂಟಿಮೀಟರ್ ಅಲೆಯನ್ನು ಮಳೆಹನಿ ಹೀರಿ ಚದುರಿಸುತ್ತದೆ. ಮಳೆ ನಿಂತಮೇಲೆ ಮರುಪ್ರಸಾರವಿದೆಯಲ್ಲ, ಆಗ ಹಿಡಿಯಬಹುದು.

ನಾನು ಕಂಡ ಒಂದು ವಿದ್ಯಾಸಂಸ್ಥೆಯಲ್ಲಿ ಡಿಶ್ಶೂ ಟಿ.ವಿ.ಯೂ ಇದ್ದವು, ಎರಡೂ ಬೀಗ ಹಾಕಿದ ಕೊಠಡಿಯ ಪಾಲು. ಬೀಗದ ಕೈ ಗುಮಾಸ್ತರ ಬಳಿ, ಗುಮಾಸ್ತರು ರಜೆಯ ಮೇಲೆ. ಇಂಥ ಕಡೆ ಸರ್ವರನ್ನು ಕೊಂಡು ಕೊಟ್ಟರೂ ಅದು ಅದೇ ಕೊಠಡಿಯನ್ನು ಸೇರುವುದು. ಆದುದರಿಂದಲೇ ವಿದ್ಯಾರ್ಥಿಗಳೇ ಕಟ್ಟಬೇಕು, ಅವರೇ ನೋಡಿಕೊಳ್ಳಬೇಕು ಎಂದು ನಾನು ಒತ್ತಿ ಹೇಳುವುದು. ಉಪಾಧ್ಯಾಯರು ಪಕ್ಕದಲ್ಲಿ ನಿಂತಿದ್ದರೆ ಸಾಕು.

ಕೆಲವು ಎಚ್ಚರಿಕೆಗಳು ಅವಶ್ಯಕ. ಕರೆಂಟು ಹೋಗಿ ಬರುವ ಊರುಗಳಲ್ಲಿ ಒಂದು ಸಣ್ಣ ಯು.ಪಿ.ಎಸ್. ಇಲ್ಲದೆ ಸರ್ವರನ್ನು ನಡೆಸಬಾರದು. ಬರೆಯುತ್ತಿರುವಾಗಲೇ ವಿದ್ಯುತ್ತು ನಿಂತರೆ ಮೆಮೊರಿ ಕಾರ್ಡು ಕೆಡುತ್ತದೆ. ಡಿಸ್ಕು ಎಂದಾದರೊಂದು ದಿನ ಸಾಯುವಂಥದೇ. ಮುಖ್ಯವಾದುದರ ಪ್ರತಿ ಇನ್ನೊಂದು ಕಡೆ ಇರಲಿ. ಸರ್ವರಿನ ಬಾಗಿಲನ್ನು ಹೊರಗಿನ ಇಂಟರ್ನೆಟ್ಟಿಗೆ ತೆರೆಯಬೇಡಿ, ಪೆಟ್ಟಿಗೆಯೊಡನೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸಿ. ಸಿಡಿಲಿನ ಕಾಲದಲ್ಲಿ ತಟ್ಟೆಗೆ ಅರ್ತಿಂಗ್ ಇಲ್ಲದಿದ್ದರೆ ಕೇಬಲನ್ನು ಬಿಚ್ಚಿಡುವುದು ಮೇಲು. ಬಿಚ್ಚಬೇಕಾದುದು ಮೋಡ ಕವಿಯುವ ಮೊದಲು, ಗುಡುಗು ಕೇಳಿಸಿದ ಮೇಲಲ್ಲ. ಮತ್ತು ಚಂದಾ ವಾಹಿನಿಗಳ ಬೀಗವನ್ನು ಇಂಥದೇ ಸರ್ವರುಗಳಿಂದ ಮುರಿದು ಹಂಚಿಕೊಳ್ಳುವ ಚಾಳಿಯೊಂದುಂಟು. ಅದು ಕಳ್ಳತನ, ಅದರಲ್ಲಿ ಜಾಣತನವೇನೂ ಇಲ್ಲ.

ಸರ್ವರು ಸಂಕೇತದ ಬಲವನ್ನು ನಿಮಿಷ ನಿಮಿಷಕ್ಕೂ ಬರೆದಿಡುವಂತೆ ಮಾಡಿದರೆ ಒಂದು ಸೊಗಸಾದ ಪ್ರಯೋಗ ಪುಕ್ಕಟೆಯಾಗಿ ದೊರೆಯುತ್ತದೆ. ವರ್ಷಕ್ಕೆ ಎರಡು ಬಾರಿ ಸೂರ್ಯನು ಉಪಗ್ರಹದ ನೇರ ಹಿಂದಕ್ಕೆ ಬರುತ್ತಾನೆ. ಆಗ ಸೂರ್ಯನ ರೇಡಿಯೋ ಗದ್ದಲದಲ್ಲಿ ಉಪಗ್ರಹದ ಪಿಸುಮಾತು ಮುಳುಗಿಹೋಗುತ್ತದೆ. ಬೆಂಗಳೂರಿಗೆ ನಾನು ಹಾಕಿದ ಲೆಕ್ಕದಂತೆ ಇದು ಮಾರ್ಚಿಯ ಮಧ್ಯಭಾಗದಲ್ಲಿ ಮತ್ತು ಸೆಪ್ಟೆಂಬರಿನ ಕೊನೆಯಲ್ಲಿ, ಬೆಳಗ್ಗೆ ಹನ್ನೊಂದರ ಆಸುಪಾಸಿನಲ್ಲಿ, ದಿನಕ್ಕೆ ಕೆಲವು ನಿಮಿಷಗಳಂತೆ ಕೆಲವು ದಿನ ನಡೆಯಬೇಕು. ಬೀದರಿನವರಿಗೂ ಮಂಗಳೂರಿನವರಿಗೂ ದಿನವೂ ಹೊತ್ತೂ ಸ್ವಲ್ಪ ಬೇರೆಯಾಗುತ್ತದೆ. ಎಷ್ಟು ಬೇರೆ ಎಂಬುದನ್ನು ಅವರವರೇ ಗಣಿಸಿ, ಆ ದಿನ ಸರ್ವರು ಬರೆದ ಗೆರೆಯೊಡನೆ ಹೋಲಿಸಿ ನೋಡಲಿ.