ಠಾಣೆ ಸೇರುವ ಕೋವಿಗಳು

ಚುನಾವಣೆಯ ಘೋಷಣೆಯಾಯಿತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕೃಷಿಕರು ತಮ್ಮ ಪರವಾನಗಿಯ ಕೋವಿಗಳನ್ನು ಠೇವಣಿಯಿಡಲು ಹೊತ್ತು ಠಾಣೆಯ ಮೆಟ್ಟಿಲೇರುವುದು ನಮ್ಮಲ್ಲಿ ಒಂದು ಆಚಾರವೇ ಆಗಿಹೋಗಿದೆ. 2024ರಲ್ಲಿ ನೀತಿಸಂಹಿತೆ ಜಾರಿಯಾದದ್ದು ಮಾರ್ಚ್ 16ಕ್ಕೆ; ನಮ್ಮ ಜಿಲ್ಲೆಯ ಮತದಾನ ಏಪ್ರಿಲ್ 26ಕ್ಕೇ ಮುಗಿದಿದ್ದರೂ ಎಣಿಕೆಗೆ ಜೂನ್ 4ರವರೆಗೆ ಕಾಯಬೇಕಾಯಿತು. ಗೇರು ಉದುರಿ, ಹಲಸು ಹಣ್ಣಾಗಿ, ಹಂದಿಯೂ ಮಂಗವೂ ತೋಟಕ್ಕೆ ಲಗ್ಗೆಯಿಡುವ ಕಾಲವೂ ಅದೇ. ಚಾರ್ಮಾಡಿಯ ತಪ್ಪಲಿನಲ್ಲಿ, ಮಕ್ಕಳು ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೋಗಿ ನೆಲೆಸಿರಲು, ಕೂಗಿದರೆ ಓಗೊಡುವ ನೆರೆಯೂ ಇಲ್ಲದ ಅಡಕೆತೋಟದ ಒಂಟಿಮನೆಯಲ್ಲಿ ರಾತ್ರಿ ಕಳೆಯುವ ವೃದ್ಧ ದಂಪತಿಗಳಿಂದ ಪ್ರಜಾಪ್ರಭುತ್ವಕ್ಕೆ ಯಾವ ಅಪಾಯ ಒದಗೀತೆಂಬುದನ್ನು ಅಧಿಕಾರಿಗಳೇ ವಿವರಿಸಬೇಕು.

ಈ ಸೀಮೆ ಶಾಂತವಾದುದೆಂದು ನಾನು ವಾದಿಸಲಾರೆ. 2017ರಲ್ಲಿ ಬಂಟ್ವಾಳವು ನಿಷೇಧಾಜ್ಞೆಯ ಕೆಳಗೆ ಬದುಕಿದ್ದನ್ನು ಮರೆತವರಿಲ್ಲ. ಆದರೆ ಇಲ್ಲಿ ರಕ್ತ ಹರಿಸಿದ್ದು ಬಹುಮಟ್ಟಿಗೆ ತಲವಾರು. ಅದಕ್ಕೆ ಪರವಾನಗಿಯೂ ಇಲ್ಲ, ಠೇವಣಿಯೂ ಇಲ್ಲ. ಚುನಾವಣಾ ಆಯೋಗವಾದರೂ ಸಾರಾಸಗಟಾಗಿ ಕೋವಿ ಕಸಿಯಿರೆಂದಿಲ್ಲ: ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯುಳ್ಳವರು, ಗಲಭೆಯಲ್ಲಿ ಭಾಗಿಗಳಾದವರು ಯಾರೆಂದು ಪರಿಶೀಲನಾ ಸಮಿತಿಯು ಒಬ್ಬೊಬ್ಬರನ್ನಾಗಿ ನೋಡಿ ನಿರ್ಣಯಿಸತಕ್ಕದ್ದೆಂಬುದೇ ಅದರ ಸೂಚನೆ. ಆ ಶ್ರಮಕ್ಕೆ ಬೇಸತ್ತ ಆಡಳಿತವು ಎಲ್ಲರನ್ನೂ ಶಂಕಿತರ ಸಾಲಿನಲ್ಲಿ ನಿಲ್ಲಿಸುತ್ತದೆ.

ಇನ್ನು ಕೋವಿಯ ಒಡೆಯರಿಗೊಂದು ಮಾತು. ಇದು ಅವರಿಗೆ ರುಚಿಸದಿರಬಹುದು. ಗಜ ತೂರಿ ಮಸಿಯನ್ನೂ ಚರೆಯನ್ನೂ ಜಡಿಯಬೇಕಾದ ಅಜ್ಜನ ಕಾಲದ ಕೇಪಿನ ಕೋವಿ ಮಂಗನನ್ನು ಬೆದರಿಸಲು ಸಾಕು; ನಡುರಾತ್ರಿ ಬಾಗಿಲು ಒಡೆದು ಬಂದವನೆದುರು ಒಂದು ಈಡಿನೊಂದಿಗೆ ಅದರ ಪೌರುಷ ಮುಗಿಯುತ್ತದೆ. ಪಿಸ್ತೂಲು ಬಹುಪಾಲು ಪ್ರತಿಷ್ಠೆಯ ವಸ್ತು, ಅಭ್ಯಾಸವಿಲ್ಲದ ಕೈಯಲ್ಲಿ ಗುರಿ ತಪ್ಪುವುದರಲ್ಲಿ ಅದನ್ನು ಮೀರಿಸುವುದು ಇನ್ನೊಂದಿಲ್ಲ. ಮನೆಯ ರಕ್ಷಣೆಗೇ ಬೇಕೆಂಬವರಿಗೆ 12 ಬೋರಿನ ಜೋಡಿನಳಿಕೆಯ ತೋಟೆಕೋವಿ ವಿಹಿತ. ಆದರೆ ಅದನ್ನು ಆಯುಧಪೂಜೆಗೆ ಒರೆಸಿ, ಕುಂಕುಮವಿಟ್ಟು, ವರ್ಷವಿಡೀ ಒಂದು ತೋಟೆಯನ್ನೂ ಹಾರಿಸದವನು, ಕತ್ತಲಲ್ಲಿ ಕೈ ನಡುಗುವಾಗ ಕಳ್ಳನನ್ನೂ ಹಿತ್ತಲಿಗೆ ಹೋಗಿ ಮರಳುತ್ತಿರುವ ಮನೆಯವನನ್ನೂ ಹೇಗೆ ಬೇರ್ಪಡಿಸಿಯಾನು? ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ಮನೆ ಒಡೆಯುವವನ ವಿರುದ್ಧ ಪ್ರಾಣಹಾನಿಯವರೆಗೂ ಹೋಗಬಲ್ಲ ಆತ್ಮರಕ್ಷಣೆಯ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆಯ 41ನೆಯ ಕಲಮು ಅಂಗೀಕರಿಸಿದೆ. ಅವಶ್ಯಕತೆಗಿಂತ ಹೆಚ್ಚಿನ ಹಾನಿ ಸಲ್ಲದೆಂದು 37ನೆಯದು ಅದಕ್ಕೆ ಮೇರೆ ಹಾಕಿದೆ. ಆ ಮೇರೆಯನ್ನು ಕ್ಷಣಾರ್ಧದಲ್ಲಿ ಕಾಣುವ ವಿವೇಕವು ಅಭ್ಯಾಸವಿಲ್ಲದೆ ಬಾರದು.

2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷತಾ ತರಬೇತಿಯನ್ನು ಹೇಳಿಯೇ ಇವೆ. ಅದು ಅರ್ಜಿಗೆ ಲಗತ್ತಿಸುವ ಇನ್ನೊಂದು ಹಾಳೆಯಾಗಿ ಉಳಿಯದೆ, ಐದು ವರ್ಷಕ್ಕೊಮ್ಮೆ ಬರುವ ನವೀಕರಣದ ನಡುವೆ ಪ್ರತಿವರ್ಷವೂ ಪೊಲೀಸರ ಗುರಿಮೈದಾನದಲ್ಲಿ ಅಭ್ಯಾಸ ನಡೆಯಲಿ. ಬಾರದವನ ಪರವಾನಗಿ ರದ್ದಾದರೂ ನಾನು ಮರುಗೆನು. ಬಂಟ್ವಾಳ, ಬೆಳ್ತಂಗಡಿಗಳಿಗೆ ಜಿಲ್ಲಾಧಿಕಾರಿಗಳೂ ಮೂಡುಬಿದಿರೆಗೆ ಮಂಗಳೂರಿನ ಪೊಲೀಸ್ ಆಯುಕ್ತರೂ ಮುಂದಿನ ಚುನಾವಣೆಯ ಘೋಷಣೆಗೆ ಮುನ್ನವೇ ಪರಿಶೀಲನೆಯನ್ನು ಮುಗಿಸಿ, ಕಳಂಕವಿಲ್ಲದ ಕೃಷಿಕನ ಕೋವಿಯನ್ನು ಅವನ ಮನೆಯಲ್ಲೇ ಬಿಡಲಿ.