ಯುದ್ಧದ ಲೆಕ್ಕ ಜನರ ಮುಂದಿಡಿ

ಕೊಟ್ಟಿಗೆಹಾರ, ಬಣಕಲ್, ಮೂಡಿಗೆರೆಯ ಬಂಧುಗಳೇ,

ಪಾಕಿಸ್ತಾನದೊಡನೆ ಕಾಳಗ ನಡೆದಿದ್ದ 2025ರ ಮೇ 8ರ ರಾತ್ರಿ ನೆನಪಿದೆಯೇ? ಕರಾಚಿ ಬಂದರು ಭಸ್ಮ, ಇಸ್ಲಾಮಾಬಾದ್ ನಮ್ಮ ವಶ ಎಂದು ಟಿ.ವಿ.ಯವರು ಗಂಟಲು ಹರಿದುಕೊಂಡರು. ಚಾರ್ಮಾಡಿ ಘಾಟಿ ಇಳಿಯುವ ಬಸ್ಸು ಕೊಟ್ಟಿಗೆಹಾರದಲ್ಲಿ ನಿಂತ ಹತ್ತು ನಿಮಿಷದಲ್ಲಿ, ಬಲಗೈಯಲ್ಲಿ ನೀರುದೋಸೆ ಮುರಿಯುತ್ತಿದ್ದವರು ಎಡಗೈಯಲ್ಲಿ ಅದನ್ನೇ ಫಾರ್ವರ್ಡ್ ಮಾಡಿದರು. ಕರಾಚಿ ಬಂದರು ಎಲ್ಲಿತ್ತೋ ಅಲ್ಲೇ ಇತ್ತು.

ಎಂಟು ಸಾವಿರಕ್ಕೂ ಹೆಚ್ಚು ಖಾತೆಗಳನ್ನು ಮುಚ್ಚಲು ಸರ್ಕಾರದಿಂದ ಆದೇಶ ಬಂದಿದೆ ಎಂದು ಸಾಮಾಜಿಕ ಜಾಲತಾಣ ಎಕ್ಸ್ ತಿಳಿಸಿದ್ದೂ ಅದೇ ದಿನ. ಮರುದಿನ ದಿ ವೈರ್ ಸುದ್ದಿ ಜಾಲತಾಣ ತೆರೆದುಕೊಳ್ಳಲಿಲ್ಲ. ಸುಳ್ಳು ಕೂಗಿದ ವಾಹಿನಿಗಳು ಮಾತ್ರ ಆರಾಮಾಗಿ ನಡೆದವು. ನಮ್ಮ ಯುದ್ಧವಿಮಾನಗಳೂ ಉರುಳಿದ್ದವು ಎಂದು ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಒಪ್ಪಿಕೊಂಡದ್ದು ಮೇ 31ಕ್ಕೆ, ಅದೂ ಸಿಂಗಪುರದಲ್ಲಿ, ವಿದೇಶಿ ಸುದ್ದಿಸಂಸ್ಥೆಯ ಎದುರು. ಮಕ್ಕಳನ್ನು ಸೈನ್ಯಕ್ಕೆ ಕಳಿಸಿದವರು ಇರುವುದು ಇಲ್ಲಿ.

ಆ ಕಾಳಗಕ್ಕೆ ಕಾರಣವಾದ ಪಹಲ್ಗಾಮ್ ದಾಳಿಯಲ್ಲಿ 26 ಜನರನ್ನು ಕೊಂದ ಪಾಪ ಕೊಂದವರದು, ಅವರನ್ನು ಸಾಕಿದವರದು. ಸತ್ತವರಲ್ಲಿ ನಮ್ಮ ಶಿವಮೊಗ್ಗದವರೂ ಇದ್ದರು. ಇದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ದೇಶದ ಜನರೆಲ್ಲ ಪಾಪಿಗಳು ಎಂದು ಅಂಗಡಿ ಜಗಲಿಯಲ್ಲಿ ತೀರ್ಪು ಕೊಡುವವರು ಕಾರ್ಗಿಲ್ ನೆನೆಯಬೇಕು. 1999ರಲ್ಲಿ ಪಾಕಿಸ್ತಾನ ಸರ್ಕಾರ, ಗುಡ್ಡ ಹತ್ತಿದವರು ತನ್ನ ಸೈನಿಕರೇ ಅಲ್ಲ, ಮುಜಾಹಿದೀನರು ಎಂದಿತು. ತನ್ನದೇ ನಾರ್ದರ್ನ್ ಲೈಟ್ ಇನ್‌ಫೆಂಟ್ರಿಯ ಹುಡುಗರ ಹೆಣ ಪಡೆಯಲು ಹಿಂದೇಟು ಹಾಕಿತು. ಎಷ್ಟೋ ಹೆಣಗಳನ್ನು ಮಣ್ಣು ಮಾಡಿದವರು ನಮ್ಮ ಸೈನಿಕರು. 2010ರಲ್ಲಿ ಪಾಕ್ ಸೈನ್ಯದ ಜಾಲತಾಣದಲ್ಲಿ ಸತ್ತ 453 ಮಂದಿಯ ಹೆಸರುಗಳು ಕಾಣಿಸಿಕೊಂಡವು. ಹನ್ನೊಂದು ವರ್ಷ! ಮಗ ಯಾವ ಯುದ್ಧದಲ್ಲಿ ಸತ್ತನೆಂದು ಸರ್ಕಾರ ಬಾಯಿಬಿಟ್ಟು ಹೇಳದ ತಾಯಿಯ ತಲೆಗೆ ಆ ಯುದ್ಧದ ಪಾಪ ಕಟ್ಟುವುದು ಯಾವ ನ್ಯಾಯ? ಗೊತ್ತಿದ್ದೂ ಮುಚ್ಚಿಟ್ಟವರು ಅದನ್ನು ಹೊರಲಿ. ಅಲ್ಲಿಗೆ ಸಲ್ಲುವ ಈ ನ್ಯಾಯ ದಿಲ್ಲಿಗೂ ಸಲ್ಲಬೇಕು.

1962ರಲ್ಲಿ ಚೀನಾದ ಎದುರು ಯಾಕೆ ಸೋತೆವು ಎಂದು ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಎಂಬ ಸೇನಾಧಿಕಾರಿಗಳು 1963ರಲ್ಲೇ ವರದಿ ಬರೆದುಕೊಟ್ಟರು. ಅದು ಇಂದಿಗೂ ಬೀಗದಲ್ಲಿದೆ. ಕಾಂಗ್ರೆಸ್ ಮುಚ್ಚಿಟ್ಟಿತು, ವಿರೋಧದಲ್ಲಿದ್ದಾಗ ಬಿಡುಗಡೆ ಮಾಡಿ ಎಂದ ಬಿಜೆಪಿ, ಅಧಿಕಾರಕ್ಕೆ ಬಂದು ತಾನೂ ಮುಚ್ಚಿಟ್ಟಿತು. 2014ರಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ಎಂಬ ವಿದೇಶಿ ಪತ್ರಕರ್ತ ಅದರ ಒಂದು ಭಾಗವನ್ನು ಅಂತರ್ಜಾಲಕ್ಕೆ ಹಾಕಿದರು. ಬೀಜಿಂಗ್‌ನವರೂ ಓದಬಹುದು, ದಿಲ್ಲಿಯ ಲೆಕ್ಕದಲ್ಲಿ ಮಾತ್ರ ಅದಿನ್ನೂ ಗುಟ್ಟು!

ನಮ್ಮ ತೋಟಗಳಲ್ಲಿ ಸಂಜೆ ಕಾಫಿ ಹಣ್ಣು ತೂಗುವಾಗ ಕೊಯ್ದವರು ತಕ್ಕಡಿಯ ಎದುರೇ ನಿಂತಿರುತ್ತಾರೆ. ರೈಟರು ಮುಳ್ಳಿಗೆ ಕೈ ಅಡ್ಡ ಹಿಡಿದು ಅಂಕಿ ಬರೆದುಕೊಂಡರೆ ಯಾರು ಸುಮ್ಮನಿರುತ್ತಾರೆ? ಕೂಲಿಯ ಲೆಕ್ಕಕ್ಕೆ ಇರುವ ಎಚ್ಚರ ಪ್ರಾಣದ ಲೆಕ್ಕಕ್ಕೆ ಯಾಕಿಲ್ಲ?

ಯುದ್ಧಕ್ಕೆಂದು ಬಂದ ಅಧಿಕಾರ ಯುದ್ಧ ಮುಗಿದರೂ ಎದ್ದು ಹೋಗುವುದಿಲ್ಲ. 1971ರ ಡಿಸೆಂಬರ್ 3ರಂದು ಹೇರಿದ ತುರ್ತು ಪರಿಸ್ಥಿತಿ, 16ರಂದು ಢಾಕಾದಲ್ಲಿ ಪಾಕ್ ಸೈನ್ಯ ಶರಣಾದ ಮೇಲೂ ಉಳಿಯಿತು. 1975ರ ಜೂನ್‌ನಲ್ಲಿ ಎರಡನೆಯದು ಅದರ ಮೇಲೇ ಬಂದು ಕೂತಿತು, ಪತ್ರಿಕೆಗಳ ಬಾಯಿ ಕಟ್ಟಿತು. ಎರಡೂ ತೊಲಗಿದ್ದು 1977ರ ಮಾರ್ಚ್‌ನಲ್ಲಿ. ಮರುವರ್ಷ, ಅವನ್ನು ಹೇರಿದ್ದ ಇಂದಿರಾ ಗಾಂಧಿಯವರನ್ನು ಎಪ್ಪತ್ತೇಳು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆಲ್ಲಿಸಿ ದಿಲ್ಲಿಗೆ ಕಳಿಸಿದ್ದು ನಮ್ಮ ಚಿಕ್ಕಮಗಳೂರೇ. ಯಾಕೆ ಗೆಲ್ಲಿಸಿದೆವು ಎಂಬುದಕ್ಕೆ ಊರಿಗೊಂದು ಕಾರಣವಿದೆ, ಆ ಜಗಳ ಈಗ ಬೇಡ. ಸೆನ್ಸಾರ್ ಬಗ್ಗೆ ಕೇಳುವ ಹೊಣೆಯಂತೂ ನಮಗೆ ಬೇರೆಯವರಿಗಿಂತ ಒಂದು ತೂಕ ಹೆಚ್ಚು.

ಕಾಳಗದ ಹೊತ್ತಿನಲ್ಲಿ ಸೈನ್ಯ ಎಲ್ಲಿದೆ ಎಂದು ನೇರಪ್ರಸಾರ ಮಾಡಬಾರದು, ಒಪ್ಪಿದೆವು. 2008ರ ಮುಂಬೈ ದಾಳಿಯಲ್ಲಿ ಅದರ ಅನಾಹುತ ಕಂಡಿದ್ದೇವೆ. ಆದರೆ ಬಾಯಿ ಮುಚ್ಚಿಸುವ ಪ್ರತಿಯೊಂದು ಆದೇಶವೂ ಕಾರಣ ಸಮೇತ ಬಹಿರಂಗವಾಗಲಿ, ಇಂಥ ದಿನಕ್ಕೆ ಮುಗಿಯುತ್ತದೆ ಎಂದು ಅದರಲ್ಲೇ ಬರೆದಿರಲಿ. ಯುದ್ಧದ ಕಡತಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ತೆರೆಯುವುದಾಗಿ 2021ರಲ್ಲಿ ರಕ್ಷಣಾ ಸಚಿವಾಲಯವೇ ಹೇಳಿದೆ. 1962ರದ್ದರಿಂದ ಶುರುವಾಗಲಿ.

ಉಡುಪಿ-ಚಿಕ್ಕಮಗಳೂರು ಕ್ಷೇತ್ರಕ್ಕೆ ಮತ ಕೇಳಲು ಬರುವವರು ಯಾವ ಪಕ್ಷದವರೇ ಇರಲಿ, ಆನೆ ಹಾವಳಿ, ರಸ್ತೆಗುಂಡಿಯ ಜೊತೆ ಇದನ್ನೂ ಕೇಳಿ: ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸದನದಲ್ಲಿ ಮಂಡಿಸಿ ಎಂದು ಎದ್ದು ನಿಂತು ಕೇಳುತ್ತೀರಾ, ಇಲ್ಲವಾ?

ಓದಿ, ಪಕ್ಕದವರಿಗೆ ಕೊಡಿ.

— ಕೊಟ್ಟಿಗೆಹಾರದ ಕೆಲವು ನಾಗರಿಕರು