ಮಿಕ್ಕುದನ್ನು ಕೊಡುವುದು ದಾನವೆ?

ತುಮಕೂರು ನಗರದೊಳಗೆ ಬೆರೆತುಹೋಗಿರುವ ಉಪ್ಪಾರಹಳ್ಳಿಯು ಈಗ ಹೆಸರಿನಲ್ಲಿ ಮಾತ್ರ ಹಳ್ಳಿಯಾಗಿ ಉಳಿದಿರುವುದು. ಉಪ್ಪಾರರೆಂದರೆ ಹಿಂದೆ ಚೌಳುಮಣ್ಣಿನಿಂದ ಉಪ್ಪನ್ನು ತೆಗೆದು ಊರಿನ ಅಡಿಗೆಗೆ ರುಚಿಯನ್ನು ಒದಗಿಸಿದ ಜನ. ಉಪ್ಪಿನ ಋಣವೆಂಬ ಮಾತನ್ನು ಬಲ್ಲ ನಾಡಿನಲ್ಲಿ, ಇಂತಹ ಹೆಸರನ್ನು ಹೊತ್ತ ಬಡಾವಣೆಯ ವಿದ್ಯಾವಂತ ಮನೆಗಳನ್ನು ಒಂದು ಪ್ರಶ್ನೆ ಕೇಳುವುದು ಅನುಚಿತವಾಗಲಾರದು: ನೆರೆಯವರ ಒಲೆ ಹೊತ್ತದ ದಿನ ಅದನ್ನು ಹೊತ್ತಿಸುವ ಭಾರ ಯಾರದು?

ಸರ್ಕಾರದ್ದು ಎಂಬುದೇ ಮೊದಲನೆಯ ಉತ್ತರ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯವನ್ನು ಹಕ್ಕಾಗಿ ಕೊಟ್ಟಿರುವುದು. ಅದನ್ನು ಹಗುರವಾಗಿ ಕಾಣತಕ್ಕುದಲ್ಲ. ಆದರೆ 5 ಕಿಲೋವನ್ನು 30 ದಿನಗಳಿಗೆ ಹಂಚಿದರೆ ದಿನಕ್ಕೆ ಬರುವುದು ಸುಮಾರು 167 ಗ್ರಾಂ. ಹೊರೆ ಹೊರುವ ಮೈಗೆ ಇದು ಎರಡು ಹೊತ್ತಿಗೆ ಸಾಲುವುದೆ? ಬೇಳೆಯಾಗಲಿ ಎಣ್ಣೆಯಾಗಲಿ ಆ ಕಾಯಿದೆಯ ಲೆಕ್ಕದೊಳಗೆ ಬಂದಿಲ್ಲ. ಪಡಿತರ ಚೀಟಿಯಿಲ್ಲದ ವಲಸೆಯ ಕೂಲಿಯವನು, ದುಡಿಯುವಾತ ಹಾಸಿಗೆ ಹಿಡಿದ ಸಂಸಾರ, ಮಕ್ಕಳು ದೂರವಾದ ಮುದುಕಿ, ಇವರು ಏನು ಮಾಡತಕ್ಕದ್ದು? ಕಾಯಿದೆಯು ತಿಂಗಳನ್ನು ಎಣಿಸುವುದು. ಹಸಿವೆಯು ಹೊತ್ತನ್ನು ಎಣಿಸುವುದು.

ಬಿಟ್ಟಿ ಅನ್ನವು ಸೋಮಾರಿಗಳನ್ನು ಬೆಳೆಸುವುದೆಂಬುದು ಎರಡನೆಯ ಆಕ್ಷೇಪ. ಇದನ್ನು ಬೇರೆ ಎಲ್ಲಿ ಆಡಿದರೂ ಸರಿಯೆ, ತುಮಕೂರಿನಲ್ಲಿ ಆಡುವುದಕ್ಕೆ ನಾಚಬೇಕು. 1941ರಲ್ಲಿ ಸಿದ್ಧಗಂಗಾ ಮಠದ ಹೊಣೆಯನ್ನು ವಹಿಸಿ 2019ರ ಜನವರಿ 21ರಂದು ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರು ಸುಮಾರು 10,000 ಮಕ್ಕಳಿಗೆ ಜಾತಿಮತಗಳ ಭೇದವಿಲ್ಲದೆ ಅನ್ನ, ವಸತಿ, ವಿದ್ಯೆಗಳನ್ನು ನಡೆಸಿದರು. ಅಲ್ಲಿ ಉಂಡು ಓದಿದವರು ಸೋಮಾರಿಗಳಾಗಲಿಲ್ಲ. ಉಪಾಧ್ಯಾಯರೂ ಅಧಿಕಾರಿಗಳೂ ಆಗಿ ನಾಡೆಲ್ಲ ಹರಡಿದರು. ಆ ದಾಸೋಹಕ್ಕೆ ಸುತ್ತಣ ರೈತರು ತಮ್ಮ ಬೆಳೆಯಲ್ಲಿ ಒಂದು ಪಾಲನ್ನು ತಂದೊಪ್ಪಿಸುತ್ತ ಬಂದಿರುವರು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಾದರೋ ಕೊಡುವವನೇ ದಾಸನು. ಹೊಲದ ರೈತನು ತಿಳಿದ ಈ ಭೇದವನ್ನು ಪದವೀಧರರ ಮನೆಗಳು ಏಕೆ ಮರೆತವು?

ಈ ಮನೆಗಳು ಕೊಡುವುದಿಲ್ಲವೆಂದಲ್ಲ, ಕೊಡುತ್ತವೆ. ಮದುವೆಯಲ್ಲಿ ಮಿಕ್ಕ ಅನ್ನ, ಹುಳು ಬಿದ್ದ ಅಕ್ಕಿ, ದಿನ ತೀರಿದ ಬಿಸ್ಕತ್ತಿನ ಪೊಟ್ಟಣ, ಹುಟ್ಟಿದ ಹಬ್ಬದ ದಿನ ಒಂದು ಸಿಹಿಯೂಟ ಮತ್ತು ಅದರ ಜೊತೆಗೆ ಒಂದು ಭಾವಚಿತ್ರ! ತಾನು ಉಣ್ಣಲೊಲ್ಲದುದನ್ನು ಪರರಿಗೆ ಇಕ್ಕುವುದು ಮನೆಯನ್ನು ಗುಡಿಸಿದಂತೆಯೇ ಹೊರತು ದಾನವಲ್ಲ. ಹಬ್ಬದ ಮಾರನೆಯ ದಿನವೂ ಹಸಿವೆಯುಂಟಷ್ಟೆ?

ಹಿಂದಿನವರಲ್ಲಿ ಒಂದು ನಿಯಮವಿದ್ದಿತು. ಬಡ ವಿದ್ಯಾರ್ಥಿಗೆ ವಾರಾನ್ನವನ್ನು ಒಪ್ಪಿಕೊಂಡ ಮನೆಯು, ತನಗೆ ಗೊತ್ತಾದ ವಾರದಲ್ಲಿ, ಹಬ್ಬವಿರಲಿ ಇಲ್ಲದಿರಲಿ, ಅವನಿಗೆ ಎಲೆ ಹಾಕುತ್ತಿದ್ದಿತು. ಆ ಪದ್ಧತಿಗೆ ಜಾತಿಯ ಕಟ್ಟೂ ಇದ್ದಿತೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ಕಟ್ಟನ್ನು ಬಿಟ್ಟು ನಿಯಮವನ್ನು ಉಳಿಸಿಕೊಳ್ಳಬೇಕಾಗಿದ್ದಿತು. ವಿದ್ಯಾವಂತರು ನಿಯಮವನ್ನೇ ಬಿಟ್ಟು ಸುಧಾರಕರೆನಿಸಿಕೊಂಡರು. ಹಳ್ಳಿಗಳಲ್ಲಿ ಹಗೇವುಗಳಿದ್ದುವು. ಸುಗ್ಗಿಯಲ್ಲಿ ನೆಲದೊಳಗೆ ತುಂಬಿಟ್ಟ ರಾಗಿ ವರ್ಷಗಟ್ಟಲೆ ಕೆಡದೆ ಬರಗಾಲಕ್ಕೆ ಒದಗುತ್ತಿದ್ದಿತು. ಬರ ಬಂದ ಮೇಲೆ ಹಗೇವನ್ನು ತೋಡುವ ಮೂಢನು ಯಾವ ಊರಿನಲ್ಲಿಯೂ ಇರಲಿಲ್ಲ.

ಉಪ್ಪಾರಹಳ್ಳಿಗೆ ಬೇಕಾದುದು ಅಂತಹ ಒಂದು ನೆರೆಹೊರೆಯ ಕಣಜ. ಅದಕ್ಕೆ ಕೋಟ್ಯಧೀಶ್ವರರು ಬೇಕಿಲ್ಲ. ದಿನವೂ ಅಡಿಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಾಕಿದರೆ, ಹಿಡಿಗೆ 50 ಗ್ರಾಂ ಎಂದರೂ ತಿಂಗಳಿಗೆ ಒಂದೂವರೆ ಕಿಲೋ. 200 ಮನೆಗಳಿಂದ 300 ಕಿಲೋ. ಸಂಸಾರಕ್ಕೆ 15 ಕಿಲೋವಿನಂತೆ ಇದು 20 ಸಂಸಾರಗಳಿಗೆ ಒದಗುವುದು. ಬೇಳೆ, ಎಣ್ಣೆ, ಉಪ್ಪುಗಳಿಗೆ ಮನೆಗಿಷ್ಟೆಂದು ತಿಂಗಳ ವಂತಿಗೆಯಿದ್ದರೆ ಸಗಟು ಬೆಲೆಯಲ್ಲಿ ಕೊಳ್ಳಬಹುದು. ಕಣಜದ ಲೆಕ್ಕವು ಎಲ್ಲರ ಕಣ್ಣಿಗೂ ಬೀಳುವಂತಿರತಕ್ಕದ್ದು. ಕೊಂಡುಹೋದವರ ಹೆಸರು ಯಾರ ಕಣ್ಣಿಗೂ ಬೀಳತಕ್ಕದ್ದಲ್ಲ.

ಇಷ್ಟು ಸುಲಭವಾದುದು ಏಕೆ ನಡೆಯುತ್ತಿಲ್ಲ? ಒಮ್ಮೆ ಸಾವಿರ ರೂಪಾಯಿ ಕೊಟ್ಟವನಿಗೆ ಹೊಗಳಿಕೆಯುಂಟು. ದಿನವೂ ಹಿಡಿಯಕ್ಕಿ ಎತ್ತಿಟ್ಟ ಗೃಹಿಣಿಯನ್ನು ಕೇಳುವವರಿಲ್ಲ. ಆದರೆ ಕಣಜ ತುಂಬುವುದು ಆಕೆಯಿಂದ. ಆದಕಾರಣ ಮಹನೀಯರು ಕೊಡುವ ದಿನವನ್ನೂ ಅಳತೆಯನ್ನೂ ಮೊದಲು ಗೊತ್ತುಮಾಡಿಕೊಳ್ಳಲಿ; ಕಲ್ಲಿನ ಮೇಲೆ ಹೆಸರು ಕೆತ್ತಿಸುವ ವಿಚಾರವನ್ನು ಆಮೇಲೆ ನೋಡಿಕೊಳ್ಳಬಹುದು.